ಟೀಟಾ ಇಟಲಿ

ಫಿಲಿಪೀನ್ಸ್‌ನ ಮಬಿನಿ ಊರಿನ ಆ ಬೀದಿಯ ದೊಡ್ಡ ಮನೆಗಳೆಲ್ಲ ಇಟಲಿಯ ದುಡಿಮೆಯವು. ಸೆನ್ಯಾಂಗಳ ಮನೆಯೂ ಹಾಗೆಯೇ. ಅದಕ್ಕೆ ಮಹಡಿ ಕಟ್ಟಿಸಿದವಳು ರೋಮ್‌ನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ತಂಗಿ ಮರಿಲೂ. ಸೆನ್ಯಾಂಗ್ ಮದುವೆಯಾಗಲಿಲ್ಲ. ಹಾಸಿಗೆ ಹಿಡಿದ ತಾಯಿಯ ಸೇವೆಯಲ್ಲೇ ಅವಳ ಪ್ರಾಯ ಸರಿದುಹೋಯಿತು. ಆಮೇಲೆ ಹಿತ್ತಲ ಒಲೆಯಲ್ಲಿ ಕಾಫಿಬೀಜ ಹುರಿದು, ಪುಡಿಮಾಡಿ, ಸಂತೆಯಲ್ಲಿ ಮಾರತೊಡಗಿದಳು.

ಹಡಗಿನ ಕೆಲಸದ ಗಂಡನನ್ನು ನೆಚ್ಚಿಕೊಳ್ಳಲಾಗದೆ ಮರಿಲೂ ವಿಮಾನ ಹತ್ತಿದಾಗ ಅವಳ ಮಗಳು ಮಿಕಾಯ್ ಇನ್ನೂ ಹಾಲು ಬಿಡದ ಕೂಸು. ಮೂರು ಮನೆ ಆಚೆಗಿದ್ದ ಅತ್ತೆ ಈಸಿಂಗಜ್ಜಿ ಮಗುವನ್ನು ಬೇಡಿದ್ದರು. ಮರಿಲೂ ಕೊಡಲಿಲ್ಲ. "ನನ್ನ ಅಕ್ಕ ಇದ್ದಾಳೆ, ಸಾಕು" ಎಂದು ಕೂಸನ್ನು ಸೆನ್ಯಾಂಗಳ ಮಡಿಲಿಗೆ ಹಾಕಿ ಹೋದಳು. ಈಗ ಮಿಕಾಯ್ ಎರಡನೇ ಕ್ಲಾಸು. ಸೆನ್ಯಾಂಗಳನ್ನು ಅಮ್ಮಾ ಎನ್ನುತ್ತಾಳೆ. ಫೋನಿನಲ್ಲಿ ಕಾಣುವ ಹೆತ್ತವಳು ಅವಳ ಬಾಯಲ್ಲಿ "ಟೀಟಾ ಇಟಲಿ", ಅಂದರೆ ಇಟಲಿ ಚಿಕ್ಕಮ್ಮ. ಮಗು ತಾನೇ ಕಟ್ಟಿದ ಹೆಸರೆಂದು ಬೀದಿಯವರು ಮರುಗುತ್ತಿದ್ದರು, ನಗುತ್ತಲೂ ಇದ್ದರು.

ವೆಂಗ್ ಬಂದದ್ದು ಬೇಸಿಗೆಯಲ್ಲಿ. ಮನಿಲಾದ ವಿಶ್ವವಿದ್ಯಾಲಯದಲ್ಲಿ ಸಮಾಜ ಮನಶ್ಶಾಸ್ತ್ರ ಕಲಿಸುವವಳು. ಪರದೇಶಕ್ಕೆ ಹೋದವರ ಮನೆಗಳಲ್ಲಿ ಉಳಿದವರ ಮನಸ್ಸು ಏನಾಗುತ್ತದೆ ಎಂಬುದು ಅವಳ ಅಧ್ಯಯನ. ಅವಳು ಪ್ರಶ್ನೆಗಳ ಹಾಳೆ ಹಿಡಿದು ಬರಲಿಲ್ಲ. ನಮ್ಮ ಜನ ಬೇರೆಯವರಿಗೆ ಕೊಡುವುದು ಮರ್ಯಾದೆ, ಒಳಗಿನ ಮಾತು ಸಿಗುವುದು "ಬೇರೆಯಲ್ಲದವರಿಗೆ" ಮಾತ್ರ, ಆದ್ದರಿಂದ ಮೊದಲು ಬೇರೆಯಲ್ಲದವಳಾಗಬೇಕು ಎಂಬುದು ಅವಳು ಕಲಿತ ಶಾಸ್ತ್ರ. ಜಗಲಿಯಲ್ಲಿ ಕೂತು ಬೀಜ ಆರಿಸಿದಳು. ಊರವರಂತೆ ಬಿಸಿ ಅನ್ನಕ್ಕೆ ಕಾಫಿ ಸುರಿದುಕೊಂಡು ಉಂಡಳು.

"ಮನಿಲಾದೋಳು ಅನ್ಕೊಂಡಿದ್ದೆ, ನೀನು ನಮ್ಮೋಳೇ ಕಣೆ!" ಎಂದು ಸೆನ್ಯಾಂಗ್ ನಕ್ಕಿದ್ದಳು.

"ಬರೀತೀನಿ ಅಕ್ಕಾ. ಆದ್ರೆ ಹೆಸರು ಹಾಕಲ್ಲ" ಎಂದು ವೆಂಗ್ ಹೇಳಿಯೇ ಇದ್ದಳು. ಸೆನ್ಯಾಂಗ್ ತಲೆಯಾಡಿಸಿಯೂ ಇದ್ದಳು. ಆದರೆ ಪಕ್ಕದಲ್ಲಿ ಕೂತು ಬೀಜ ಆರಿಸುವವಳು ಬರೆಯುವವಳೂ ಹೌದು ಎಂಬುದು ಯಾರಿಗೆ ನೆನಪಿರುತ್ತದೆ?

ಒಂದು ಮಧ್ಯಾಹ್ನ, ಯಾರಿಗೂ ಹೇಳದ್ದನ್ನು ಸೆನ್ಯಾಂಗ್ ಅವಳಿಗೆ ಹೇಳಿದಳು.

"ಟೀಟಾ ಅನ್ನೋದನ್ನ ಕಲಿಸಿದ್ದು ನಾನೇ ಕಣೆ ವೆಂಗ್. ಕೂಸು ಮೊದಲನೇ ಸಲ ಫೋನ್ ನೋಡಿ ಅಮ್ಮ ಅಂತು. ನನ್ನ ಎದೆ ಧಸಕ್ ಅಂತು. ಅಮ್ಮ ಅಲ್ಲ ಕಂದಾ, ಟೀಟಾ ಅನ್ನು ಅಂದೆ. ದಿನಾ ಹೇಳಿಕೊಟ್ಟೆ. ಅಲ್ಲಿ ಅವಳು ಅಳ್ತಿದ್ಲು, ಇಲ್ಲಿ ನಾನು ಮಕ್ಕಳ ಬಾಯಿ ಯಾರು ಹಿಡೀತಾರೆ ಅಂತ ಸಮಾಧಾನ ಮಾಡ್ತಿದ್ದೆ."

ವೆಂಗ್ ಅವಳ ಕೈ ಹಿಡಿದುಕೊಂಡಳು.

ಅಧ್ಯಯನ ಮುಗಿದ ಮೇಲೆ ವೆಂಗ್ ಮತ್ತೆ ಬಂದಳು. ಜನರಿಂದ ಪಡೆದದ್ದನ್ನು ಜನರ ಮುಂದೆಯೇ ಇಡಬೇಕು ಎಂಬುದೂ ಅವಳ ಶಾಸ್ತ್ರವೇ. ಪಂಚಾಯ್ತಿ ಕಟ್ಟೆಯ ಮೇಲೆ ಸಭೆ ಸೇರಿತು. ಇಟಲಿಯಲ್ಲಿರುವವರೂ ನೋಡಲಿ ಎಂದು ಊರ ಮುಖಂಡ ಫೇಸ್‌ಬುಕ್‌ನಲ್ಲಿ ನೇರಪ್ರಸಾರ ಹಚ್ಚಿದ. ಸೆನ್ಯಾಂಗ್ ಹೊಸ ರವಿಕೆ ತೊಟ್ಟು ಮುಂದಿನ ಸಾಲಿನಲ್ಲಿ ಕೂತಳು, ತನ್ನವಳ ಭಾಷಣ ಎಂಬ ಹೆಮ್ಮೆಯಿಂದ.

ವೆಂಗ್ ಹೆಸರು ಬದಲಿಸಿದ್ದಳು, ಊರು ಬದಲಿಸಿದ್ದಳು, ಕಾಫಿಯವಳನ್ನು ಹೊಲಿಗೆಯವಳನ್ನಾಗಿ ಮಾಡಿದ್ದಳು. ಒಂದು ಪದವನ್ನು ಮಾತ್ರ ಬದಲಿಸಲಿಲ್ಲ. ಆ ಪದವೇ ಅವಳ ಅಧ್ಯಯನದ ತಿರುಳಾಗಿತ್ತು.

"ಆ ಹೆಂಗಸು ಮಗುವಿಗೆ, ಹೆತ್ತ ತಾಯಿಯನ್ನು 'ಟೀಟಾ ಇಟಲಿ' ಎಂದು ಕರೆಯಲು ತಾನೇ ಕಲಿಸಿದಳು..."

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ತಲೆಗಳು ಒಂದೊಂದಾಗಿ ಮುಂದಿನ ಸಾಲಿನತ್ತ ತಿರುಗಿದವು.

"ಅಯ್ಯೋ ಹೊಲಿಗೆಯಮ್ಮಾ, ಯಾವಾಗ ಕಲಿತೆ ಹೊಲಿಗೆ?" ಹಿಂದಿನಿಂದ ಮೀನು ಮಾರುವ ಬೆಬಾಂಗ್ ಕೂಗಿದಳು. ಈಸಿಂಗಜ್ಜಿ ಮಾತ್ರ ನಗಲಿಲ್ಲ. ಕೋಲೂರಿ ಎದ್ದು ಹೋದರು.

ಮರುದಿನ ವೆಂಗ್ ಬಾಗಿಲಿಗೆ ಬಂದಳು. ಸೆನ್ಯಾಂಗ್ ಅವಳನ್ನು ಹಜಾರದ ಸೋಫಾದ ಮೇಲೆ ಕೂರಿಸಿ, ಗಾಜಿನ ಕಪಾಟಿನ ಪಿಂಗಾಣಿ ತಟ್ಟೆ ತೆಗೆದಳು. ಅಂಗಡಿಯಿಂದ ತರಿಸಿದ ಬಿಸ್ಕತ್ತು, ತಂಪು ಪಾನೀಯ ಇಟ್ಟಳು.

"ತಗೊಳ್ಳಿ ಮೇಡಂ."

"ಅಕ್ಕಾ, ಮೇಡಂ ಅನ್ಬೇಡಿ. ಬೈಯಿರಿ ಬೇಕಾದ್ರೆ. ನಾನು ಹೆಸರು ಎಲ್ಲೂ..."

"ಬೈಯೋದು ನಮ್ಮೋರನ್ನ ಮೇಡಂ. ತಗೊಳ್ಳಿ, ತಣ್ಣಗಿದ್ದಾಗಲೇ ಚೆನ್ನಾಗಿರತ್ತೆ."

ತನ್ನ ಶಾಸ್ತ್ರದ ಪ್ರಕಾರ ತಾನು ಈಗ ಎಲ್ಲಿದ್ದೇನೆಂದು ವೆಂಗ್‌ಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಲೋಟ ಮುಟ್ಟದೆ, ಅಳುತ್ತಾ ಹೋದಳು. ಸೆನ್ಯಾಂಗ್ ಗೇಟಿನವರೆಗೂ ಬಂದು ಮರ್ಯಾದೆಯಿಂದ ಬೀಳ್ಕೊಟ್ಟಳು. ಒಳಗೆ ಬಂದವಳೇ ಕೈಗೆ ಸಿಕ್ಕ ಮಸಿಬಟ್ಟೆಯಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಸಂಜೆ ಮರಿಲೂ ಫೋನು ಮಾಡಿದಳು. ಕೂಗಾಡಲಿಲ್ಲ.

"ನೇರಪ್ರಸಾರ ನೋಡಿದೆ."

"ಮರಿ, ಆ ಮನಿಲಾದೋಳು ನಂಬಿಸಿ ಕತ್ತು ಕೊಯ್ದುಬಿಟ್ಲು ಕಣೆ..."

"ನಿಮಗೂ ಹಾಗೆ ಅನ್ನಿಸ್ತಾ?" ಹುಟ್ಟಿದಾಗಿನಿಂದ ನೀನು ಎನ್ನುತ್ತಿದ್ದ ತಂಗಿ ನೀವು ಎಂದಳು. "ನನಗೆ ಏಳು ವರ್ಷ ಅನ್ನಿಸ್ಲೇ ಇಲ್ಲ ನೋಡಿ. ಪಾಪ, ನನ್ನ ಮಗೂನ ನನ್ನಕ್ಕ ಸಾಕ್ತಿದ್ದಾಳೆ ಅಂತ ಮುದುಕಿ ಮಲ ಬಳೀತಾ ಇದ್ದೆ. ನಾಳೆ ಅತ್ತೆ ಬರ್ತಾರೆ. ಮಿಕಾಯ್‌ಳನ್ನ ಕಳಿಸಿಕೊಡಿ."

"ಕೈ ಮುಗೀತೀನಿ ಮರಿ..."

ಫೋನು ಕಟ್ಟಾಯಿತು.

ಬೆಳಿಗ್ಗೆ ಈಸಿಂಗಜ್ಜಿ ಅಂಗಳದಲ್ಲೇ ನಿಂತರು, ಒಳಗೆ ಕಾಲಿಡಲಿಲ್ಲ. ಮಿಕಾಯ್‌ಗೆ ಅದು ಅಜ್ಜಿ ಮನೆಯ ಬಿಡಾರ, ಎರಡು ದಿನದ ಮೋಜು. ಚೀಲ ಹೆಗಲಿಗೇರಿಸಿದವಳು ತಿರುಗಿ ನೋಡಿದಳು.

"ಅಮ್ಮಾ, ಸೋಮವಾರ ಸ್ಕೂಲಿಗೆ ಜಡೆ ಯಾರು ಹಾಕ್ತಾರೆ?"

ಸೆನ್ಯಾಂಗ್ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಜ್ಜಿ ಅವಳ ಬಾಯನ್ನೇ ನೋಡುತ್ತಿದ್ದರು.

"ಅಜ್ಜಿ ಹಾಕ್ತಾರೆ. ಮತ್ತೆ, ಅಮ್ಮ ಫೋನ್ ಮಾಡಿದ್ರೆ ಚೆನ್ನಾಗಿ ಮಾತಾಡು."

"ನೀನು ಯಾಕೆ ಫೋನ್ ಮಾಡ್ತೀಯಾ? ಇಲ್ಲೇ ಇದ್ದೀಯಲ್ಲ!" ಎಂದು ಮಿಕಾಯ್ ನಕ್ಕಳು.

ಅಜ್ಜಿ ಮಗುವಿನ ಕೈ ಹಿಡಿದು ನಡೆದರು. ಮೂರು ಮನೆ ಆಚೆ ಗೇಟು ಸದ್ದಾಯಿತು.