ತೊಟ್ಟಿಲಿಗೆ ಬಂದ ಚುಕ್ಕಾಣಿ ಕೋಲು

ಸೀರೆ ತೊಟ್ಟಿಲಿಗೆ ಒಂದು ಅಡ್ಡಕೋಲು ಬೇಕಾಗಿತ್ತು. ಹನ್ನೊಂದು ವರ್ಷ ಕಾದ ಮೇಲೆ ನನ್ನ ಮಗಳಿಗೆ ಹೆಣ್ಣು ಮಗು ಹುಟ್ಟಿದೆ ಸ್ವಾಮಿ. ಇದನ್ನು ಮೊದಲು ಹೇಳದೆ ಬೇರೇನು ಬರೆಯಲು ಹೋದರೂ ನನ್ನ ಕೈ ಓಡುವುದಿಲ್ಲ. ಹಾಲಿನವನಿಗೆ ಎರಡು ಸಲ ಹೇಳಿದ್ದೇನೆ. ಗಾಂಧಿಪುರಂ ಬಸ್ಸಿನ ಕಂಡಕ್ಟರನಿಗೂ ಹೇಳಿದೆ. ಅವನು ಟಿಕೆಟ್ ಹರಿದು ಕೊಡುತ್ತ, "ಸರಿ ತಾತಾ, ಒಳಗೆ ಹೋಗಿ" ಎಂದ. ಈಗ ನಿಮಗೂ ಹೇಳಿದ್ದಾಯಿತು. ಇನ್ನು ಕೋಲಿನ ವಿಷಯ.

ಅಟ್ಟದಲ್ಲಿ ಕೈಯಾಡಿಸಿದಾಗ ಗೋಣಿಯಲ್ಲಿ ಸುತ್ತಿಟ್ಟ ಕೋಲೊಂದು ಸಿಕ್ಕಿತು. ಎರಡು ಮೊಳ ಉದ್ದ, ಒಂದು ತುದಿ ಹಿಡಿದು ಹಿಡಿದು ನುಣುಪಾದದ್ದು. ಗೋಣಿ ಬಿಚ್ಚಿದರೆ ಹಳೆಯ ಹಿತ್ತಾಳೆಯ ವಾಸನೆ, ಹರಳೆಣ್ಣೆಯ ವಾಸನೆ. ಏಣಿಯ ಮೇಲೆಯೇ ಕೂತುಬಿಟ್ಟೆ. ಕೆಳಗಿನಿಂದ ಮಗಳು, "ಅಪ್ಪಾ, ಇಳೀತೀರೋ, ಇಲ್ಲ ಮಗೂನ ಅಲ್ಲಿಗೇ ತರ್ಲೋ?" ಎಂದಳು. ಬಾಯಿ ಥೇಟ್ ಅವಳ ಅಮ್ಮನದೇ.

ಅದು ಹಾಯಿದೋಣಿಯ ಚುಕ್ಕಾಣಿ ತಿರುಗಿಸುವ ಕೋಲು. ಕೊಯಮತ್ತೂರಿಗೆ ಸಮುದ್ರ ಎಲ್ಲಿಂದ ಬಂತು ಎಂದು ನಗಬೇಡಿ. ಎಂಬತ್ತರ ದಶಕದಲ್ಲಿ ನಾನು ಸಿಂಗಾನಲ್ಲೂರಿನ ಒಂದು ಮಿಲ್ಲಿನ ವರ್ಕ್‌ಶಾಪಿನಲ್ಲಿ ಲೇತ್ ಓಡಿಸುತ್ತಿದ್ದೆ. ನಿವೃತ್ತರಾದ ನೇಯ್ಗೆ ಮಾಸ್ಟರೊಬ್ಬರು, ಕೊಚ್ಚಿಯಲ್ಲಿ ಬೆಳೆದವರು, ಮೂರು ಜನ ಕೂರುವಂಥ ಪುಟ್ಟ ಹಾಯಿದೋಣಿ ತಂದು ಅಲ್ಲಿನ ಕೆರೆಯಲ್ಲಿ ಇಟ್ಟಿದ್ದರು. ಸಂಜೆ ಮಿಲ್ ಬಿಟ್ಟು ಬರುವವರೆಲ್ಲ ಏರಿಯ ಮೇಲೆ ನಿಂತು ನೋಡುತ್ತಿದ್ದರು.

ನನ್ನ ಹೆಂಡತಿ ರಂಗಮ್ಮ ಆಗ ಐದು ತಿಂಗಳ ಬಸುರಿ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ ಎಂದು ನಮ್ಮಲ್ಲಿ ಹೇಳುತ್ತಾರೆ. ಮಾವಿನಕಾಯಿ ಕೇಳಬಹುದು, ಹುಣಸೆಹಣ್ಣು ಕೇಳಬಹುದು ಎಂದು ನಾನು ಸಿದ್ಧನಾಗಿದ್ದೆ.

"ಏನುಂಗ, ಆ ದೋಣೀಲಿ ಒಂದ್ಸಲ ಕೂರ್ಬೇಕು" ಎಂದಳು. ನಮ್ಮ ಮನೆಯ ಕನ್ನಡಕ್ಕೆ ಊರಿನ ತಮಿಳು ಹೀಗೆ ಅಂಟಿಕೊಂಡಿರುತ್ತದೆ.

"ಬೇರೆ ಏನೂ ಬೇಡ್ವಾ? ಜಿಲೇಬಿ?"

"ಜಿಲೇಬಿ ನಿಮಗೆ ಬೇಕು. ಹುಟ್ಟಿದಾಗಿಂದ ಬಟ್ಟೆ ನೇಯ್ತಾ ಇದೀನಿ. ಬಟ್ಟೆ ಕಾತ್ತು ತುಂಬ್ಕೊಂಡು ಆಳನ್ನ ಎಳ್ಕೊಂಡು ಹೋಗೋದು ಹೆಂಗಿರುತ್ತೆ ಅಂತ ನೋಡ್ಬೇಕು."

ಗಾಳಿಗೆ ನಾವು ಕಾತ್ತು ಎನ್ನುತ್ತೇವೆ. ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತ ಹೆಂಗಸಿಗೆ ಇಂಥ ಆಸೆ ಇದ್ದೀತು ಎಂದು ನನಗೆ ಹೊಳೆದೇ ಇರಲಿಲ್ಲ. ಮಾಸ್ಟರನ್ನು ಕೇಳಿದೆ. ಚುಕ್ಕಾಣಿಯ ಕಬ್ಬಿಣವೆಲ್ಲ ತುಕ್ಕು ತಿಂದಿದೆ, ಹೊಸದು ಮಾಡಿಕೊಡು, ಇಬ್ಬರನ್ನೂ ಕೂರಿಸಿಕೊಂಡು ಹೋಗುತ್ತೇನೆ ಎಂದರು.

ಚುಕ್ಕಾಣಿ ಎಂದರೆ ದೋಣಿಯ ಹಿಂದೆ ನೀರಿಗೆ ಇಳಿಬಿಟ್ಟ ಹಲಗೆ, ಅಷ್ಟೇ. ಬಾಗಿಲಿನ ಹಾಗೆ ಆಚೆ ಈಚೆ ತಿರುಗಬೇಕು. ಹಲಗೆಗೆ ಮೇಲೊಂದು ಕೆಳಗೊಂದು ಪಿನ್ನು, ದೋಣಿಗೆ ಎರಡು ಬಳೆ. ಪಿನ್ನುಗಳು ಬಳೆಯೊಳಗೆ ಇಳಿದು ಕೂರಬೇಕು. ಊಟದ ಬಿಡುವಿನಲ್ಲಿ ಹಿತ್ತಾಳೆಯಲ್ಲಿ ಎರಡು ಪಿನ್ನು ಕಡೆದೆ. ಜೋಡಿ ಎಂದರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇರಬಾರದು ಎಂಬುದು ನಮ್ಮ ವರ್ಕ್‌ಶಾಪಿನ ಧರ್ಮ. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ, ಹೋಗುವವರನ್ನೆಲ್ಲ ಕರೆದು ತೋರಿಸಿದೆ.

ಭಾನುವಾರ ರಂಗಮ್ಮ ಮದುವೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಮೊಸರನ್ನದ ಡಬ್ಬಿ ಹಿಡಿದು ಏರಿಯ ಮೇಲೆ ಕೂತಳು. ನಾನೂ ಮಾಸ್ಟರೂ ಸೊಂಟದುದ್ದ ನೀರಿನಲ್ಲಿ ನಿಂತು ಚುಕ್ಕಾಣಿ ತಗುಲಿಸಲು ಹೊರಟೆವು. ದೋಣಿ ಓಲಾಡುತ್ತದೆ. ಮೇಲಿನ ಪಿನ್ನು ಬಳೆಗೆ ಬಂದರೆ ನೀರೊಳಗಿನದು ತಪ್ಪುತ್ತದೆ. ಕೆಳಗಿನದನ್ನು ತಡವಿ ಹಿಡಿದರೆ ಮೇಲಿನದು ಜಾರುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಇಳಿಯಬೇಕು, ಇಳಿಯಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಮಾಸ್ಟರಿಗೆ ಅನುಮಾನ ಬಂತು.

"ಎನ್ನಪ್ಪಾ, ರೆಂಡುಂ ಒರೇ ಅಳವಾ?" ಎರಡೂ ಒಂದೇ ಅಳತೆಯೇನಪ್ಪ ಎಂದು.

"ಆಮಾಂ ಸಾರ್" ಎಂದೆ, ಎದೆ ಉಬ್ಬಿಸಿ. ಅವರು ಹಣೆ ಚಚ್ಚಿಕೊಂಡರು. ನನಗೆ ರೋಷ ಬಂದು ಗಟ್ಟಿಯಾಗಿ ಅದುಮಿದೆ. ಕೆಳಗಿನ ಬಳೆ ದೋಣಿಯ ಹಲಗೆಯನ್ನೇ ಸೀಳಿಕೊಂಡು ಕೈಗೆ ಬಂತು.

ಮೊಸರನ್ನವನ್ನು ಮೂವರೂ ಏರಿಯ ಮೇಲೆ ತಿಂದೆವು.

ಮನೆಗೆ ಬಂದ ಮೇಲೆ ರಂಗಮ್ಮ ಬೀದಿ ಬಾಗಿಲಿನ ಹತ್ತಿರ ಕರೆದಳು. ಪ್ರತಿ ಯುಗಾದಿಗೆ ಆ ಬಾಗಿಲನ್ನು ಕೀಲಿನಿಂದ ಎತ್ತಿ, ನಲ್ಲಿಯ ಹತ್ತಿರ ಒಯ್ದು ತೊಳೆದು, ತಿರುಗಿ ತಗುಲಿಸುತ್ತಿದ್ದವಳು ಅವಳೊಬ್ಬಳೇ.

"ಕೀಲಿನ ಕೆಳಗಿನ ಮುಳ್ಳು ನೋಡಿ, ಉದ್ದ. ಮೊದ್ಲು ಅದನ್ನ ಕೂರಿಸ್ತೀನಿ. ಆಮೇಲೆ ಮೇಲಿಂದು ತಾನಾಗೇ ಸಿಗುತ್ತೆ."

"ಮೊದಲೇ ಹೇಳಬಾರದಾ?"

"ನೀವು ಪಿನ್ನು ಅಂದ್ರಿ, ಬಾಗಿಲು ಅನ್ನಲಿಲ್ಲ. ಒಂದು ಯುಗಾದಿಗಾದ್ರೂ ಇದನ್ನ ಎತ್ತಿದ್ರೆ ನಿಮಗೇ ಗೊತ್ತಾಗ್ತಿತ್ತು."

ಲೇತಿನ ಮುಂದೆ ಅಷ್ಟು ವರ್ಷ ನಿಂತವನಿಗೆ ದಿನವೂ ದಾಟುವ ಬಾಗಿಲಿನ ಕೀಲು ಕಂಡಿರಲಿಲ್ಲ. ಕೆಳಗಿನ ಪಿನ್ನನ್ನು ಒಂದು ಇಂಚು ಉದ್ದ ಮಾಡಿ ಹೊಸದಾಗಿ ಕಡೆದೆ. ಆದರೆ ಸೀಳಿದ ಹಲಗೆ ಬದಲಾಯಿಸಿ, ಬಳೆ ಕೂರಿಸಿ ಮುಗಿಯುವಷ್ಟರಲ್ಲಿ ಏಳು ತಿಂಗಳು ತುಂಬಿತು. ಉಡುಮಲೈಪೇಟೆಯಿಂದ ಅತ್ತೆ ಬಂದು, ಮಗಳಿಗೆ ಬಳೆ ತೊಡಿಸಿ, ಬಾಣಂತನಕ್ಕೆ ಕರೆದುಕೊಂಡು ಹೊರಟರು. "ಹೊಟ್ಟೆ ಹೊತ್ಕೊಂಡು ನೀರ್ಮೇಲೆ ಹೋಗ್ತಾಳಂತೆ, ಗಂಡನೂ ತಲೆ ಆಡಿಸ್ತಾನಂತೆ" ಎಂದು ನನ್ನನ್ನು ನೋಡದೆಯೇ ಬೈದರು. ಬಸ್ಸಿನ ಕಿಟಕಿಯಿಂದ ರಂಗಮ್ಮ, "ಮಗು ಬರ್ಲಿ, ಮೂವರೂ ಹೋಗೋಣ" ಎಂದಳು.

ಮುಂದಿನ ವಾರ ಉದ್ದ ಪಿನ್ನು ಮೊದಲು ಕೂತಿತು, ಗಿಡ್ಡದು ಹಿಂದೆಯೇ ಇಳಿಯಿತು. ಹಾಯಿ ತುಂಬಿತು. ನನ್ನ ಪಕ್ಕ ಒಬ್ಬರು ಕೂರುವಷ್ಟು ಜಾಗ ಖಾಲಿ ಇತ್ತು. ಕೆರೆ ಹೇಗಿತ್ತು ಎಂದು ಈಗ ಕೇಳಿದರೆ ನನಗೆ ಆ ಜಾಗವೊಂದೇ ನೆನಪು.

ರಂಗಮ್ಮ ಕೂಸಿನೊಂದಿಗೆ ಮರಳುವ ಮೊದಲೇ ಮಾಸ್ಟರು ಊರು ಬಿಟ್ಟರು, ದೋಣಿಯೂ ಯಾರದೋ ಪಾಲಾಯಿತು. ಹೊರಡುವ ಮುನ್ನ ಈ ಕೋಲನ್ನು ಅವಳಿಗೆಂದು ನನ್ನ ಕೈಗಿಟ್ಟಿದ್ದರು. ಮಗಳಿಗೆ ಕಿವಿ ನೋವು ಬಂದಾಗಲೆಲ್ಲ ರಂಗಮ್ಮ ನನ್ನ ಕಡೆ ತಿರುಗಿ ಒಂದೇ ಮಾತು ಹೇಳುತ್ತಿದ್ದಳು: "ದೋಣಿ." ನಾನು ಔಷಧದಂಗಡಿಗೆ ಓಡುತ್ತಿದ್ದೆ. ಈಗ ಹಾಗೆ ಹೇಳುವವರಿಲ್ಲ. ಅವಳು ಹೋಗಿ ಆರು ವರ್ಷ. ಮೊಮ್ಮಗುವಿಗಾಗಿ ಹೊತ್ತ ಹರಕೆಯನ್ನು ನನಗೆ ಬಿಟ್ಟು ಹೋದಳು.

ಅವಳು ಕೊನೆಗೆ ನೇಯ್ದ ಸೀರೆಯನ್ನೇ ಕೊಕ್ಕೆಗೆ ಕಟ್ಟಿದೆವು. ಬಟ್ಟೆ ಮುದುಡದಂತೆ ಕೋಲನ್ನು ನಡುವೆ ಅಡ್ಡ ಇಟ್ಟೆ. ಮಗುವನ್ನು ಮಲಗಿಸುವ ಮೊದಲು ಎರಡೂ ಕಿವಿಗಳನ್ನು ಕನ್ನಡಕ ಹಾಕಿ ನೋಡಿದೆ, ಶುದ್ಧವಾಗಿದ್ದವು. ಮಧ್ಯಾಹ್ನದ ಪಾಲ್ಘಾಟ್ ಕಣಿವೆಯ ಗಾಳಿ ಬೀದಿ ಬಾಗಿಲಿನಿಂದ ನೇರ ಒಳಗೆ ಬಂತು.

"ಅಪ್ಪಾ, ಜೋರಾಗಿ ತೂಗ್ಬೇಡಿ."

ನಾನು ಎರಡೂ ಕೈ ಎತ್ತಿ ತೋರಿಸಿದೆ. ರಂಗಮ್ಮನ ಬಟ್ಟೆ ಕಾತ್ತು ತುಂಬಿಕೊಂಡು, ಮೂರು ಕಿಲೋದ ಆಳನ್ನು ಎಳೆದುಕೊಂಡು ಹೋಗುತ್ತಿತ್ತು.