ತೊಳೆದ ಭಾಷೆಯ ಅರ್ಜಿಗಾರ್ತಿ

೧೯೭೭ರ ಮಾರ್ಚ್ ಎಂಟು, ಮಂಗಳವಾರ, ಬೆಳಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷ. ಗ್ರೀಸ್ ದೇಶದ ಕವಾಲಾ ಪಟ್ಟಣದ ಜಿಲ್ಲಾ ಕಚೇರಿಯ ಎದುರು, ಚಪ್ಪಲಿ ಅಂಗಡಿಯ ಜಗಲಿಯ ಮೇಲೆ ಕೂತು, ಪೊಲಿಕ್ಸೆನಿ ತನ್ನ ಟೈಪ್‌ರೈಟರಿನ ಅಚ್ಚುಗಳನ್ನು ಗುಂಡುಸೂಜಿಯಿಂದ ಕೆರೆಯುತ್ತಿದ್ದಳು. ಅಕ್ಷರಗಳ ನೆತ್ತಿಯ ಮೇಲೆ ಕೂರುವ ಸಣ್ಣ ಚಿಹ್ನೆಗಳಿಗೆ ಬೇಗ ಮಸಿ ಕಟ್ಟುತ್ತದೆ. ಅಂದು ಯಾವುದಕ್ಕೂ ಕಟ್ಟಿರಲಿಲ್ಲ. ಆದರೂ ಕೆರೆಯುತ್ತಿದ್ದಳು. ಕೈಗೆ ಏನಾದರೂ ಕೆಲಸ ಬೇಕಿತ್ತು.

ಐವತ್ತೊಂದರ ಹೆಂಗಸು. ಇಪ್ಪತ್ತಾರು ವರ್ಷಗಳಿಂದ ಅದೇ ಜಗಲಿಯಲ್ಲಿ ಕೂತು ಊರಿನವರ ಅರ್ಜಿಗಳನ್ನು ಬರೆದುಕೊಡುತ್ತಿದ್ದಳು. ಬರೆಯುತ್ತಿದ್ದುದು ಕಥರೆವುಸಾದಲ್ಲಿ. ಸುಮಾರು ನೂರೈವತ್ತು ವರ್ಷಗಳ ಹಿಂದೆ ದೇಶ ತುರ್ಕರಿಂದ ಬಿಡಿಸಿಕೊಂಡಾಗ, ಓದಿದವರು ಆಡುಮಾತಿಗೆ ಅಂಟಿದ ಹೊರಗಿನ ಪದಗಳನ್ನೆಲ್ಲ ತೊಳೆದು, ಪುರಾತನರ ಮಾತಿನ ಕಡೆಗೆ ಎಳೆದು ಕಟ್ಟಿದ ಶುದ್ಧ ಗ್ರೀಕ್ ಅದು. ಕಾನೂನು, ಕೋರ್ಟು, ಸರ್ಕಾರಿ ಆದೇಶ ಎಲ್ಲ ಅದರಲ್ಲೇ. ಆದರೆ ಊಟಕ್ಕೆ ಕೂತವರು ಯಾರೂ ಅದರಲ್ಲಿ ಉಪ್ಪು ಕೇಳುತ್ತಿರಲಿಲ್ಲ. ದಂಗೆಯೆದ್ದು ಅಧಿಕಾರ ಹಿಡಿದ ಸೇನೆಯ ಕರ್ನಲ್‌ಗಳು ಏಳು ವರ್ಷ ಆ ಭಾಷೆಯಲ್ಲೇ ಗುಡುಗಿ ಹೋದ ಮೇಲಂತೂ ಜನಕ್ಕೆ ಅದರ ಹೆಸರೆತ್ತಿದರೆ ಉರಿಯುತ್ತಿತ್ತು. ಹಿಂದಿನ ವರ್ಷ ಶಾಲೆಗಳಿಂದ ಅದನ್ನು ತೆಗೆದಿದ್ದರು. ಇನ್ನು ಕಚೇರಿಗಳಿಂದಲೂ ಹೋಗುತ್ತದೆ ಎಂಬ ಸುದ್ದಿ ದಿನಕ್ಕೊಂದು ರೂಪದಲ್ಲಿ ಬರುತ್ತಿತ್ತು.

ಪೊಲಿಕ್ಸೆನಿಗೆ ಅದು ಬರೀ ಹೊಟ್ಟೆಪಾಡಾಗಿರಲಿಲ್ಲ. ಅವಳ ಅಪ್ಪ ಅಮ್ಮ ಅನಾತೋಲಿಯಾದಿಂದ ನಿರಾಶ್ರಿತರಾಗಿ ಬಂದವರು. ಕ್ರೈಸ್ತರು, ಗ್ರೀಕರು, ಆದರೆ ಮನೆಮಾತು ತುರ್ಕಿ. ಶಾಲೆಯಲ್ಲಿ ಅವಳು ಬಾಯಿ ಬಿಟ್ಟರೆ ಸಾಕು, ಮಕ್ಕಳು "ತುರ್ಕರ ಬೀಜ" ಎಂದು ಕೂಗುತ್ತಿದ್ದರು. ಹನ್ನೆರಡನೇ ವಯಸ್ಸಿಗೆ ಅವಳು ಒಂದು ವಿಷಯ ಕಂಡುಕೊಂಡಳು: ಕಥರೆವುಸಾ ಯಾರ ಮನೆಮಾತೂ ಅಲ್ಲ, ಎಲ್ಲರೂ ಕಲಿಯಲೇಬೇಕು, ಕಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಅದರಲ್ಲಿ ಬರೆದಾಗ ಯಾರೂ ಅವಳನ್ನು ನೋಡಿ ನಗಲಿಲ್ಲ.

ಎಂಟಕ್ಕೆ ಐದು ನಿಮಿಷವಿರುವಾಗ ಲೆಮೊನಿಯಾ ಬಂದು ಮೇಜಿನ ಮೇಲೆ ಒಂದು ಕಾಗದ ಬಡಿದಳು. ತಂಬಾಕು ಗೋದಾಮಿನಲ್ಲಿ ಮೂವತ್ತೊಂದು ವರ್ಷ ಎಲೆ ವಿಂಗಡಿಸಿದ ಅರವತ್ತಮೂರರ ಮುದುಕಿ. ಬೆರಳುಗಳಿಗೆ ಇನ್ನೂ ಕಂದು ಬಣ್ಣ.

"ವಾಪಸ್ ಬಂತು ಕಣಮ್ಮಾ ನಿನ್ನ ಮುತ್ತಿನಂಥ ಅರ್ಜಿ. ಪಿಂಚಣಿ ಇಲ್ವಂತೆ. ಸುಳ್ಳು ಹೇಳಿದೀನಂತೆ ನಾನು!"

ಪೊಲಿಕ್ಸೆನಿ ಕಾಗದ ಓದಿದಳು. ಅರ್ಜಿದಾರಳ ಹೇಳಿಕೆಗೂ ಅವಳ ವಿಮಾ ಪುಸ್ತಕಕ್ಕೂ ತಾಳೆಯಿಲ್ಲ. ವಿಚಾರಣೆಯ ದಿನ ಓದಿ ಹೇಳಿದಾಗ ಆ ಹೇಳಿಕೆಯನ್ನೇ ಅವಳು ಹೌದೆಂದು ಒಪ್ಪಿದ್ದಾಳೆ. ಮೇಲ್ಮನವಿಗೆ ಮಾರ್ಚ್ ಎಂಟು ಕಡೆಯ ದಿನ.

"ಇವತ್ತೇ ಕಡೇ ದಿನ. ಇಷ್ಟು ದಿನ ಎಲ್ಲಿಟ್ಕೊಂಡಿದ್ರಿ ಇದನ್ನ?"

"ಸಂತರ ಪಟದ ಹಿಂದೆ. ಓದೋಕೆ ಯಾರಿಗೆ ಬರುತ್ತೆ? ಪಿಂಚಣಿ ಮಂಜೂರಾತಿ ಅಂದ್ಕೊಂಡು ದಿನಾ ದೀಪ ಹಚ್ತಿದ್ದೆ. ನಿನ್ನೆ ಸೊಸೆ ಪಾದ್ರಿ ಹತ್ರ ಓದಿಸ್ಕೊಂಡು ಬಂದ್ಲು."

ಪೊಲಿಕ್ಸೆನಿ ನಗಲಿಲ್ಲ. ಹಳೆಯ ಅರ್ಜಿಯ ಪ್ರತಿ ತೆಗೆದು ನೋಡಿದಳು. "ಅಧೋಲಿಖಿತಳಾದ ನಾನು, ಏಕತ್ರಿಂಶತ್ ವರ್ಷಪರ್ಯಂತ ಅವಿಚ್ಛಿನ್ನ ಸೇವೆಯನ್ನು ಸಲ್ಲಿಸಿರುವೆನೆಂದು ಗೌರವಪುರಸ್ಸರ ನಿವೇದಿಸುತ್ತೇನೆ." ಕಾರಕೂನರ ಪಿಂಚಣಿ ಅರ್ಜಿಗೆಂದು ಹಿಂದೆ ಎಂದೋ ರೂಪಿಸಿಕೊಂಡ ವಾಕ್ಯ. ಓದಿದರೆ ಗಂಟೆ ಹೊಡೆದಂತೆ ಕೇಳುತ್ತಿತ್ತು. ಅದಕ್ಕೇ ಎಲ್ಲರಿಗೂ ಅದನ್ನೇ ಹಾಕುತ್ತಿದ್ದಳು. ಆದರೆ ತಂಬಾಕಿನ ಕೆಲಸ ಅವಿಚ್ಛಿನ್ನವಲ್ಲ, ವರ್ಷವಿಡೀ ಎಡೆಬಿಡದೆ ಇರುವುದಿಲ್ಲ. ಎಲೆಯ ಮೂಟೆಗಳು ಮುಗಿದರೆ ಗೋದಾಮಿಗೆ ಬೀಗ.

"ವರ್ಷಕ್ಕೆ ಎಷ್ಟು ತಿಂಗಳು ಕೆಲಸ ಇರ್ತಿತ್ತು ನಿಮಗೆ?"

"ಏಳು. ಹೆಚ್ಚಂದ್ರೆ ಎಂಟು. ಯಾಕೆ, ಊರಿಗೆಲ್ಲ ಗೊತ್ತಿರೋದೇ ಅಲ್ವಾ?"

"ವಿಚಾರಣೆ ದಿನ ಇದನ್ನ ನಿಮ್ಮೆದುರು ಓದಿದ್ರಲ್ಲ. ಹೌದು ಅಂದ್ರಂತಲ್ಲ ನೀವು!"

"ಅಂದೆ. ಇಗರ್ಜೀಲಿ ಪಾದ್ರಿ ಓದಿದ್ದಕ್ಕೆ ಆಮೆನ್ ಅನ್ನಲ್ವಾ, ಹಂಗೆ. ಅರ್ಥ ಆಗೋ ಹಂಗೆ ಬರೆದಿದ್ರೆ ಇದು ಬಡವರ ಕಾಗದ ಅಂತ ಬಿಸಾಕ್ತಾರೆ ಅಂದ್ಕೊಂಡಿದ್ದೆ."

ಪೊಲಿಕ್ಸೆನಿ ಹೊಸ ಹಾಳೆ ಏರಿಸಿದಳು. ಒಂದು ಸಾಲು ಟೈಪ್ ಮಾಡಿದಳು. ಕಿತ್ತು ಮುದುರಿದಳು. ಎರಡನೆಯದಕ್ಕೂ ಅದೇ ಗತಿ. ಶುದ್ಧ ಭಾಷೆಯಲ್ಲಿ ಸರಿಯಾದ ಸಂಗತಿಯನ್ನು ಬರೆಯುವುದು ಅವಳಿಗೆ ಕಷ್ಟವಲ್ಲ. ಆದರೆ ಒಳಗೆ ಏನಾದರೂ ಪ್ರಶ್ನೆ ಬಂದರೆ ಮುದುಕಿ ಮತ್ತೆ ಆಮೆನ್ ಎನ್ನುತ್ತಾಳೆ. ಆಡುಮಾತಿನಲ್ಲಿ ಬರೆದರೆ ಕಚೇರಿಯ ಕಾರಕೂನ ಫೋಕಿಯನ್ ಮುಟ್ಟದೆಯೂ ಇರಬಹುದು. ಭಾಷೆ ಬದಲಿಸುವ ಆದೇಶ ಇನ್ನೂ ಕೈಗೆ ಬಂದಿಲ್ಲ. ಅವಳು ಎದ್ದು ರಸ್ತೆ ದಾಟಿ ಕಚೇರಿಯ ಬಾಗಿಲವರೆಗೆ ಹೋದಳು, ಸೂಚನಾಫಲಕ ನೋಡಿದಳು, ಹಿಂತಿರುಗಿದಳು. ಹತ್ತು ನಿಮಿಷ ಬಿಟ್ಟು ಮತ್ತೆ ಹೋಗಿ ಬಂದಳು. ಫಲಕದಲ್ಲಿ ಹೊಸದೇನೂ ಇರಲಿಲ್ಲ.

"ಕೂತ್ಕೊಳ್ಳಮ್ಮಾ ತಾಯೀ, ನನಗೆ ತಲೆ ಸುತ್ತುತ್ತೆ," ಎಂದಳು ಲೆಮೊನಿಯಾ. "ನಾನು ಹೇಳ್ತೀನಿ, ನೀನು ಬಡಿ. ಒಂದು ಗಂಟೆಗೆ ಕಿಟಕಿ ಮುಚ್ತಾರೆ."

ಪೊಲಿಕ್ಸೆನಿ ಕೂತಳು. ಹತ್ತೂವರೆಗೆ ಶುರುವಾದದ್ದು ಹನ್ನೆರಡಕ್ಕೆ ಮುಗಿಯಿತು. "ನಾನು ಲೆಮೊನಿಯಾ. ತಂಬಾಕು ವಿಂಗಡಿಸುವವಳು. ಹೆರಿಗೆ, ಮುಷ್ಕರ ಬಿಟ್ಟರೆ ಗೋದಾಮು ತೆರೆದಿದ್ದ ದಿನ ಒಂದೂ ತಪ್ಪಿಸಿಲ್ಲ. ಮುಚ್ಚಿದ್ದಾಗ ಮನೆಯಲ್ಲಿದ್ದೆ." ಪ್ರತಿ ವಾಕ್ಯಕ್ಕೂ ಪೊಲಿಕ್ಸೆನಿಯ ಬೆರಳುಗಳು ಹಳೆಯ ಪದಗಳ ಕಡೆಗೆ ಓಡುತ್ತಿದ್ದವು, ಹಿಡಿದು ತರಬೇಕಾಗುತ್ತಿತ್ತು. ಮುಗಿದ ಮೇಲೆ, ಇಪ್ಪತ್ತಾರು ವರ್ಷಗಳಲ್ಲಿ ಮೊದಲ ಸಲ, ಬರೆದದ್ದನ್ನು ಬರೆಸಿದವಳಿಗೆ ಓದಿ ಹೇಳಿದಳು.

"ತಪ್ಪು," ಎಂದಳು ಲೆಮೊನಿಯಾ. "ಮುಷ್ಕರದ ವರ್ಷ ಐದಲ್ಲ, ನಾಲ್ಕು ತಿಂಗಳು."

ತಿದ್ದಿದರು. ಹನ್ನೆರಡೂ ಮುಕ್ಕಾಲಿಗೆ ಇಬ್ಬರೂ ಕಿಟಕಿಯ ಮುಂದಿದ್ದರು.

ಫೋಕಿಯನ್ ಕನ್ನಡಕ ಏರಿಸಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದ. "ಇದೇನ್ರೀ ಪೊಲಿಕ್ಸೆನಿ ಅಮ್ಮಾವ್ರೇ, ಅರ್ಜಿನೋ, ಬೀಗರಿಗೆ ಬರೆದ ಕಾಗದಾನೋ? ಹುಷಾರಾಗಿದೀರ ತಾನೆ?"

ಸಾಲಿನಲ್ಲಿದ್ದವರು ನಕ್ಕರು. ಪೊಲಿಕ್ಸೆನಿಯ ಕಿವಿ ಕೆಂಪಾಯಿತು. ಶಾಲೆಯ ಅಂಗಳದಲ್ಲಿ ಆಗುತ್ತಿದ್ದಂತೆಯೇ.

"ಬೀಗರಿಗೆ ಬರೆದಿದ್ರೆ ಇಷ್ಟೊತ್ತಿಗೆ ಕಾಫಿ ಕೊಡ್ತಿದ್ರು ಸಾಹೇಬ್ರೇ," ಎಂದಳು ಲೆಮೊನಿಯಾ. "ಓದಿ ಸ್ವಲ್ಪ."

ಅವನು ಓದಿದ. ವಿಮಾ ಪುಸ್ತಕ ತೆಗೆದು, ಕೆಲಸ ಮಾಡಿದ ದಿನಗಳಿಗೆ ಅಂಟಿಸಿದ ಚೀಟಿಗಳ ಮೇಲೆ ಬೆರಳಿಟ್ಟು ಹಾಳೆ ಮಗುಚಿದ.

"ಐವತ್ತೆರಡನೇ ಇಸವೀಲಿ ಬರೀ ಐದು ತಿಂಗಳು. ಯಾಕೆ?"

"ಚಿಕ್ಕಮಗ ಹುಟ್ಟಿದ. ಅವನನ್ನೂ ಕರ್ಕೊಂಡು ಬರ್ಲಾ?"

"ಮುಷ್ಕರದ ವರ್ಷ?"

"ನಾಲ್ಕು."

ಪುಸ್ತಕದಲ್ಲೂ ನಾಲ್ಕೇ ಇತ್ತು. ಫೋಕಿಯನ್ ಗಡಿಯಾರ ನೋಡಿದ, ಬಾಗಿಲು ಮುಚ್ಚಿದ್ದ ಮೇಲಧಿಕಾರಿಯ ಕೋಣೆಯ ಕಡೆ ನೋಡಿದ, ಮುದ್ರೆ ಒತ್ತಿದ.

ಜೂನ್ ಹದಿನಾಲ್ಕಕ್ಕೆ ಲೆಮೊನಿಯಾಗೆ ಪಿಂಚಣಿ ಮಂಜೂರಾಯಿತು. ಆದೇಶವನ್ನು ಅವಳು ಮೊದಲು ಜಗಲಿಗೆ ತಂದು ಓದಿಸಿಕೊಂಡಳು. ಒಂದು ತಟ್ಟೆ ಬಾದಾಮಿ ಬಿಸ್ಕತ್ತು ತಂದಿದ್ದಳು. "ಈ ಸಲ ಪಟದ ಹಿಂದೆ ಇಡಲ್ಲ," ಎಂದಳು. ಆದರೆ ಪೊಲಿಕ್ಸೆನಿ ಕೈಗೆತ್ತಿಕೊಂಡ ಬಿಸ್ಕತ್ತನ್ನು ತಟ್ಟೆಗೇ ಹಿಂದಿಟ್ಟಳು. ಗಂಟೆ ಹೊಡೆದಂಥ ಆ ವಾಕ್ಯ ಲೆಮೊನಿಯಾ ಒಬ್ಬಳ ಅರ್ಜಿಯಲ್ಲಿ ಮಾತ್ರವೇ ಇದ್ದದ್ದು?

ಅವಳು ಪ್ರತಿಯೊಂದು ಅರ್ಜಿಯ ಕಾರ್ಬನ್ ಪ್ರತಿಯನ್ನೂ ಇಟ್ಟುಕೊಂಡಿದ್ದಳು. ಆ ಬೇಸಿಗೆ ಭಾನುವಾರಗಳಲ್ಲಿ ಇಗರ್ಜಿಗೆ ಹೋಗುವುದನ್ನು ಬಿಟ್ಟು, ಅಡುಗೆಮನೆಯ ಮೇಜಿನ ಮೇಲೆ ಕಟ್ಟುಗಳನ್ನು ಬಿಚ್ಚಿ ತಂಬಾಕಿನವರ ಅರ್ಜಿಗಳನ್ನು ಬೇರೆ ಮಾಡಿದಳು. ಹೆಸರು, ತಾರೀಖು, ಗೋದಾಮು ಎಂದು ಮೂರು ಅಂಕಣ ಎಳೆದಳು. ಕೆಲವರು ತೀರಿಕೊಂಡಿದ್ದರು. ಕೆಲವರಿಗೆ ಯಾರೋ ಕಣ್ಣುಮುಚ್ಚಿ ಮಂಜೂರು ಮಾಡಿದ್ದರು. ತಿರಸ್ಕೃತರಾದವರು ತಮ್ಮ ಹಣೆಬರಹ ಎಂದುಕೊಂಡು ಸುಮ್ಮನಿದ್ದರು. ಬೀದಿಯಲ್ಲಿ ಸಿಕ್ಕಿದಾಗ ಈಗಲೂ ಅವಳಿಗೆ ಗೌರವದಿಂದ ಟೋಪಿ ಎತ್ತುತ್ತಿದ್ದರು. ಅದೇ ಅವಳಿಗೆ ತಡೆಯಲಾರದಂತಾಯಿತು.

ಸೆಪ್ಟೆಂಬರಿನ ಮೊದಲ ಸೋಮವಾರ ಪಟ್ಟಿ ಹಿಡಿದು ಕಿಟಕಿಗೆ ಹೋದಳು. ತಿರಸ್ಕೃತವಾದ ಅರ್ಜಿಗಳನ್ನು ಮತ್ತೆ ತೆರೆಯಬೇಕು, ತಪ್ಪು ಅವರದಲ್ಲ, ಬರೆದವಳದು ಎಂದಳು. ಫೋಕಿಯನ್ ಸಾಲಿನ ಕಡೆ ಕಣ್ಣು ಹಾಯಿಸಿ, ಮುಂದೆ ಬಾಗಿ ಪಿಸುಗುಟ್ಟಿದ.

"ಅಮ್ಮಾವ್ರೇ, ಇದನ್ನ ಇಲ್ಲಿ ಹೇಳಿದ್ರೆ ನಾಳೆಯಿಂದ ನಿಮ್ಮ ಜಗಲಿಗೆ ನಾಯೀನೂ ಬರಲ್ಲ. ಮೆಲ್ಲಗೆ ಹೇಳಿ. ಎಷ್ಟು ಜನ?"

ಪೊಲಿಕ್ಸೆನಿ ಅವನೆದುರು ಆಡುಮಾತು ಆಡಿದವಳಲ್ಲ. ಅಂದು ಆಡಿದಳು, ಸಾಲಿನ ಕೊನೆಯವನಿಗೂ ಕೇಳುವಷ್ಟು ಗಟ್ಟಿಯಾಗಿ:

"ನೂರ ಹದಿನೇಳು."