ದನಿಗೆ ಕಾದ ಅಕ್ಷರಗಳು

ಪರದೆಯ ಮೇಲೆ ಅಕ್ಷರಗಳು ಟಕಟಕ ಸದ್ದಿನೊಂದಿಗೆ ಒಂದೊಂದಾಗಿ ಮೂಡುತ್ತಿದ್ದಂತೆ ಆ ತಾಯಿ ನನ್ನ ಕೈ ಹಿಡಿದುಕೊಂಡರು. “ನಿಲ್ಸಮ್ಮ. ನಮ್ಮ ಯಜಮಾನ್ರು ಹಿಂಗೆ ಒಂದೇ ಸಮ ಟೈಪು ಹೊಡೀತಿರಲಿಲ್ಲ. ನಾನು ಓದಿ ಹೇಳೋಗಂಟ ಕಾಯ್ತಿದ್ರು.”

ತಿಪಟೂರಿನಲ್ಲಿ ನನ್ನದು ಪುಟ್ಟ ವಿಡಿಯೊ ಎಡಿಟಿಂಗ್ ಅಂಗಡಿ. ಗಂಡನ ವರ್ಷದ ತಿಥಿಗೆ ವಿಡಿಯೊ ಮಾಡಿಸಲು ಅವರು ದಬ್ಬೇಘಟ್ಟದಿಂದ ಬಸ್ಸಿನಲ್ಲಿ ಬಂದಿದ್ದರು. ಗಂಡ ತುರುವೇಕೆರೆಯ ತಾಲ್ಲೂಕು ಕಚೇರಿ ಮುಂದೆ ಕೂತು ಜನರ ಅರ್ಜಿಗಳನ್ನು ಟೈಪು ಮಾಡುತ್ತಿದ್ದರಂತೆ. ಪಕ್ಕದಲ್ಲಿ ಕೂತು ಕರಡು ಓದಿ ಹೇಳುವುದು ಇವರ ಕೆಲಸ. ಅದಕ್ಕೇ ನಾನು, ಖುಷಿಪಡುತ್ತಾರೆಂದು, ಟೈಪ್‌ರೈಟರ್ ಎಫೆಕ್ಟ್ ಹಾಕಿದ್ದೆ.

ಅದನ್ನು ಅಳಿಸಿ, ಶ್ರದ್ಧಾಂಜಲಿಯ ಸಾಲುಗಳನ್ನು ಓದಲು ಹೇಳಿ ಅವರ ಕೈಗೆ ಮೈಕು ಕೊಟ್ಟೆ. ಅವರು ಓದಿದ ಒಂದೊಂದು ಪದದ ಹಿಂದೆಯೇ ಅಕ್ಷರಗಳು ಬರುವಂತೆ ಜೋಡಿಸುತ್ತಾ ಹೋದೆ. “ನಮ್ಮನ್ನಗಲಿದ” ಎಂದು ಓದಿದವರು, ಮುಂದೆ ಗಂಡನ ಹೆಸರಿದ್ದ ಕಡೆ ಸುಮ್ಮನಾಗಿಬಿಟ್ಟರು. ಅವರ ಕಾಲದ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ ಎಂಬುದು ನನಗೆ ಮರೆತೇ ಹೋಗಿತ್ತು. ಹೆಸರನ್ನು ನಾನು ಓದಲೇ ಎಂದು ಕೇಳಿದೆ.

“ಬ್ಯಾಡ ಬುಡಮ್ಮ,” ಎಂದರು, ಪರದೆಯಿಂದ ಕಣ್ಣು ತೆಗೆಯದೆ. “ಅದೊಂದನ್ನ ಅವರೇ ಹೊಡ್ಕಂತಾರೆ.”

ಖಾಲಿ ಜಾಗ ಕಂಡರೆ ಕತ್ತರಿಸುವುದೇ ನನ್ನ ಕಸುಬು. ಆ ಮೌನವನ್ನು ಕತ್ತರಿಸಲು ಮಾತ್ರ ಕೈ ಏಳಲಿಲ್ಲ. ಆ ವಿಡಿಯೊದಲ್ಲಿ ಅವರ ದನಿ ನಿಲ್ಲುತ್ತದೆ, ಅಕ್ಷರಗಳೂ ನಿಂತು ಕಾಯುತ್ತವೆ. ಆಮೇಲೆ, ಯಾರೂ ಓದಿ ಹೇಳದೆ, ಅವರ ಗಂಡನ ಹೆಸರು ನಿಧಾನವಾಗಿ ಮೂಡುತ್ತದೆ.